ಬಿಲ್ ಜೇಮ್ಸ್ ಮತ್ತು ಬೇಸ್‌ಬಾಲ್ ಅಂಕಿಅಂಶದ ಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟ್ ಅಂಕಿಅಂಶದ ಹುಚ್ಚಿರುವ ಗೆಳೆಯರ ನಡುವೆ ನಾನು ಬಿಲ್ ಜೇಮ್ಸ್ ಹೆಸರು ಎತ್ತಿದಾಗಲೆಲ್ಲ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು ಬರುತ್ತವೆ. ಅವರು ಆಟಗಾರರೇ? ಗಣಿತದ ಮೇಷ್ಟ್ರೇ? ಪತ್ರಕರ್ತರೇ? ಎಷ್ಟೋ ವರ್ಷಗಳಿಂದ ಅವರ ಬರಹ ಓದುತ್ತ ಬಂದಿದ್ದೇನೆ, ಅವರ ವೃತ್ತಿಜೀವನದ ಬಗ್ಗೆ ನನಗೆ ನಿಜವಾದ ಅಕ್ಕರೆ ಇದೆ. ಹಾಗಾಗಿ ಆ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿಟ್ಟಿದ್ದೇನೆ.

ಬಿಲ್ ಜೇಮ್ಸ್ ಯಾರು? ಎರಡು ಮಾತಿನಲ್ಲಿ ಹೇಳಿ.

ಅಮೆರಿಕದ ಬೇಸ್‌ಬಾಲ್ ಬರಹಗಾರ, ಅಂಕಿಅಂಶ ಸಂಶೋಧಕ. 1949ರ ಅಕ್ಟೋಬರ್ 5ರಂದು ಕ್ಯಾನ್ಸಸ್ ರಾಜ್ಯದ ಹೋಲ್ಟನ್‌ನಲ್ಲಿ ಹುಟ್ಟಿದರು, ಪಕ್ಕದ ಮೇಯೆಟ್ಟಾ ಎಂಬ ಪುಟ್ಟ ಊರಿನಲ್ಲಿ ಬೆಳೆದರು. ವೃತ್ತಿಪರ ಬೇಸ್‌ಬಾಲ್ ಆಡಿದವರಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ ಮತ್ತು ಅರ್ಥಶಾಸ್ತ್ರ. ನಡುವೆ ಸೇನೆಗೆ ಕರೆ ಬಂತು, ದಕ್ಷಿಣ ಕೊರಿಯಾದಲ್ಲಿ ಸೇವೆ ಸಲ್ಲಿಸಿ ಮರಳಿದರು. ಸಾಹಿತ್ಯ ಓದಿದವರು ಎಂಬ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದಕ್ಕೆ ಮತ್ತೆ ಬರುತ್ತೇನೆ.

ನನಗೆ ಬೇಸ್‌ಬಾಲ್ ಗೊತ್ತೇ ಇಲ್ಲ. ಇದನ್ನು ಓದಬಹುದೇ?

ಓದಬಹುದು. ಇಷ್ಟು ತಿಳಿದಿದ್ದರೆ ಸಾಕು. ಚೆಂಡು ಎಸೆಯುವವನು ಪಿಚರ್, ಹೊಡೆಯುವವನು ಬ್ಯಾಟರ್. ಮೈದಾನದಲ್ಲಿ ಚೌಕಾಕಾರವಾಗಿ ಗುರುತಿಸಿದ ನಾಲ್ಕು ಮೂಲೆಗಳೇ ಬೇಸ್. ಹೊಡೆದು ಕ್ಷೇಮವಾಗಿ ಬೇಸ್ ತಲುಪಿದರೆ ಅದು ಹಿಟ್. ಪಿಚರ್ ನಾಲ್ಕು ಚೆಂಡನ್ನು ಹೊಡೆಯಲಾಗದ ಜಾಗಕ್ಕೆ ಎಸೆದರೆ, ಬ್ಯಾಟರ್ ಬ್ಯಾಟು ಬೀಸದೆಯೇ ಮೊದಲ ಬೇಸಿಗೆ ನಡೆದುಹೋಗುತ್ತಾನೆ, ಅದು ವಾಕ್. ನಾಲ್ಕು ಬೇಸ್ ಸುತ್ತಿ ಮನೆ ಸೇರಿದರೆ ಒಂದು ರನ್. ಪ್ರತಿ ತಂಡಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿಗೆ ಮೂರು ಔಟ್. ಒಂದು ಋತುವಿನಲ್ಲಿ ಪ್ರತಿ ತಂಡ 162 ಪಂದ್ಯ ಆಡುತ್ತದೆ. ಅಷ್ಟು ಪಂದ್ಯಗಳಿದ್ದರೆ ಎಣಿಸುವವರಿಗೆ ಎಷ್ಟು ಸಾಮಗ್ರಿ ಸಿಗುತ್ತದೆ ಎಂದು ಊಹಿಸಿಕೊಳ್ಳಿ.

ರಾತ್ರಿ ಕಾವಲುಗಾರರಾಗಿದ್ದರು ಎನ್ನುತ್ತಾರೆ, ನಿಜವೇ?

ನಿಜ. ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ ಸ್ಟೋಕ್ಲಿ–ವ್ಯಾನ್ ಕ್ಯಾಂಪ್ ಕಂಪನಿಯ ಕಾರ್ಖಾನೆ ಇತ್ತು, ಬೀನ್ಸ್ ಕಾಳು ಮತ್ತು ಹಂದಿಮಾಂಸವನ್ನು ಡಬ್ಬಿಗೆ ತುಂಬುವಂಥದ್ದು. ಜೇಮ್ಸ್ ಅಲ್ಲಿ ರಾತ್ರಿ ಪಾಳಿಯ ಕಾವಲು ಕಾಯುತ್ತಿದ್ದರು. ಊರು ಮಲಗಿದ ಮೇಲೆ ಪತ್ರಿಕೆಗಳಲ್ಲಿ ಬಂದ ಪಂದ್ಯಗಳ ಸ್ಕೋರು ಪಟ್ಟಿಗಳನ್ನು ಮುಂದಿಟ್ಟುಕೊಂಡು ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು. ಯಾವ ಪಿಚರ್, ಯಾವ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಎದುರಿಗಿದ್ದಾಗ ಎದುರಾಳಿ ಓಟಗಾರರು ಹೆಚ್ಚು ಬೇಸ್ ಕದಿಯುತ್ತಾರೆ, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿಬಿಡುತ್ತಾರೆ? ಇಂಥ ಪ್ರಶ್ನೆಗೆ ಆಗ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ. ಉತ್ತರ ಬೇಕಿದ್ದರೆ ನೂರಾರು ಪಂದ್ಯಗಳ ಪಟ್ಟಿ ತಿರುವಿ ತಾವೇ ಎಣಿಸಬೇಕು. ಅವರು ಎಣಿಸಿದರು.

ಮೊದಲ ಪುಸ್ತಕಕ್ಕೆ ಪ್ರಕಾಶಕರು ಸಿಕ್ಕಿದ್ದು ಹೇಗೆ?

ಸಿಗಲೇ ಇಲ್ಲ. ಪತ್ರಿಕೆಗಳಿಗೆ ಕಳಿಸಿದ ಲೇಖನಗಳನ್ನು ಸಂಪಾದಕರು ಯಾವ ಕಪಾಟಿಗೆ ಸೇರಿಸಬೇಕು ಎಂದು ತಿಳಿಯದೆ ಒದ್ದಾಡಿದರು. ಅದು ಪಂದ್ಯದ ವರದಿಯೂ ಅಲ್ಲ, ಆಟಗಾರನ ಸಂದರ್ಶನವೂ ಅಲ್ಲ. ಆಗ ಜೇಮ್ಸ್ 68 ಪುಟಗಳ ಪುಸ್ತಕವನ್ನು ತಾವೇ ಸಿದ್ಧಪಡಿಸಿ, 'ಬೇಸ್‌ಬಾಲ್ ಆಬ್‌ಸ್ಟ್ರಾಕ್ಟ್' ಎಂದು ಹೆಸರಿಟ್ಟು 1977ರಲ್ಲಿ ಹೊರತಂದರು. 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಕೊಟ್ಟರು. ಖರ್ಚಾದದ್ದು 75 ಪ್ರತಿ.

ಆ 75 ಎಂಬ ಸಂಖ್ಯೆಯ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ದೊಡ್ಡ ದೇಶ, ಅದರ ಮನೆಮಾತಾದ ಆಟ, ವರ್ಷಗಟ್ಟಲೆ ರಾತ್ರಿಯ ದುಡಿಮೆ, ಕೊಂಡವರು 75 ಜನ. ಅವರು ಮರುವರ್ಷ ಮತ್ತೆ ತಂದರು. ಅದು 250ರಷ್ಟು ಹೋಯಿತು. ಹೀಗೆ ವರ್ಷ ವರ್ಷವೂ ಬಿಡದೆ ಬರೆದರು.

ಹಾಗಾದರೆ ಹೆಸರು ಬಂದದ್ದು ಯಾವಾಗ?

ಆ ಪುಸ್ತಕ ಕೊಂಡ ಬೆರಳೆಣಿಕೆಯ ಓದುಗರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ–ಬರಹಗಾರ ಒಬ್ಬರು. ಅವರು 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ವಾರಪತ್ರಿಕೆಗೆ ಜೇಮ್ಸ್ ಬಗ್ಗೆ ಲೇಖನ ಬರೆದರು. ಅದರಲ್ಲಿದ್ದ ಮಾತುಗಳು ಎಲ್ಲರೂ ನಂಬಿಕೊಂಡು ಬಂದ ವಿಚಾರಗಳಿಗೆ ಎಷ್ಟು ವಿರುದ್ಧವಾಗಿದ್ದವೆಂದರೆ, ವಿವರ ಪರಿಶೀಲಿಸುವ ವಿಭಾಗ ಒಪ್ಪದೆ ಲೇಖನ ಸುಮಾರು ಒಂದು ವರ್ಷ ಮೂಲೆ ಸೇರಿತ್ತು. ಕೊನೆಗೆ 1981ರ ಮೇ ತಿಂಗಳಲ್ಲಿ ಅಚ್ಚಾಯಿತು. 1982ರಿಂದ ಬ್ಯಾಲಂಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಆ ವಾರ್ಷಿಕ ಪುಸ್ತಕವನ್ನು ಹೊರತರತೊಡಗಿತು. 1988ರವರೆಗೆ ಅದು ನಡೆಯಿತು, ರಾಷ್ಟ್ರಮಟ್ಟದಲ್ಲಿ ಬಿಸಿಬಿಸಿಯಾಗಿ ಖರ್ಚಾಗುವ ಪುಸ್ತಕವಾಯಿತು.

ಅವರಿಗಿಂತ ಮುಂಚೆ ಬೇಸ್‌ಬಾಲಿನಲ್ಲಿ ಅಂಕಿಅಂಶದವರು ಇರಲಿಲ್ಲವೇ?

ಇದ್ದರು, ಮತ್ತು ಅಲ್ಲಿ ನಮ್ಮ ಕ್ರಿಕೆಟ್ ಬರುತ್ತದೆ. ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆಯವರೊಂದಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದವರು. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದರು. 1856ರಲ್ಲಿ ಕ್ರಿಕೆಟ್ ಪಂದ್ಯವೊಂದನ್ನು ಮುಗಿಸಿ ಹೊರಟಾಗ ಹೊಬೋಕನ್‌ನ ಮೈದಾನದಲ್ಲಿ ಬೇಸ್‌ಬಾಲ್ ಆಡುವುದನ್ನು ಕಂಡು ನಿಂತರು. ಮುಂದೆ ಜೀವನವೆಲ್ಲ ಆ ಆಟದ ಬರಹಕ್ಕೇ ಮುಡಿಪು. ಕ್ರಿಕೆಟ್ಟಿನ ಸ್ಕೋರು ಪುಸ್ತಕದ ಅಭ್ಯಾಸವನ್ನೇ ಬೇಸ್‌ಬಾಲಿಗೆ ತಂದು, ಪಂದ್ಯದ ಸಾರವನ್ನು ಒಂದು ಚೌಕಟ್ಟಿನಲ್ಲಿ ಹಿಡಿಯುವ ಪಟ್ಟಿಯನ್ನು ರೂಪಿಸಿದರು. ಇವತ್ತಿಗೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು) ಆದರೆ 'ಕೆ' ಅಕ್ಷರ ಬರೆಯುವುದು ಅವರಿಂದ ಬಂದ ಪದ್ಧತಿ.

ಆದರೆ ಕ್ರಿಕೆಟ್ ಮನಸ್ಸಿನ ಒಂದು ಪಕ್ಷಪಾತವೂ ಅವರ ಜೊತೆಗೇ ಬಂತು. ವಾಕ್ ಎನ್ನುವುದು ಪಿಚರ್ ಮಾಡಿದ ತಪ್ಪು, ಬ್ಯಾಟರ್‌ಗೆ ಅದರ ಶ್ರೇಯ ಏಕೆ ಎಂದು ಅವರ ವಾದ. ನಾವು ವೈಡ್ ಬಾಲಿನ ರನ್ನನ್ನು ಬ್ಯಾಟರ್ ಖಾತೆಗೆ ಹಾಕುವುದಿಲ್ಲವಲ್ಲ, ಹಾಗೆ. 1887ರಲ್ಲಿ ಒಂದೇ ಒಂದು ವರ್ಷ ವಾಕ್ ಅನ್ನೂ ಹಿಟ್ ಎಂದೇ ಎಣಿಸಿ ನೋಡಿದರು. ಸರಾಸರಿಗಳೆಲ್ಲ ಆಕಾಶಕ್ಕೇರಿದವು, ಮರುವರ್ಷವೇ ಕೈಬಿಟ್ಟರು. ಹಾಗಾಗಿ ಸಹನೆಯಿಂದ ನಿಂತು ಕೆಟ್ಟ ಚೆಂಡನ್ನು ಬಿಡುವ ಬ್ಯಾಟರ್‌ನ ಗುಣ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ.

ನಂತರ 1913ರಲ್ಲಿ ನ್ಯೂಯಾರ್ಕಿನಲ್ಲಿ ಇಲಿಯಾಸ್ ಸಹೋದರರ ಅಂಕಿಅಂಶ ಸಂಸ್ಥೆ ಶುರುವಾಯಿತು. 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ, ಮಾಂಟ್ರಿಯಲ್‌ನ ಆಲನ್ ರಾತ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡರು. ತಂಡವೊಂದರ ಪೂರ್ಣಾವಧಿ ಅಂಕಿಅಂಶಗಾರರಲ್ಲಿ ರಾತ್ ಮೊದಲಿಗರು. ಪ್ರತಿಯೊಂದು ಎಸೆತವನ್ನೂ ಕೈಯಲ್ಲಿ ಬರೆದಿಡುತ್ತಿದ್ದರು. ಮುಂದೆ ಪ್ರಸಾರ ಕೊಠಡಿಯಲ್ಲಿ ವೀಕ್ಷಕ ವಿವರಣೆಗಾರರ ಪಕ್ಕ ಕೂತು ಅವರಿಗೆ ಬೇಕಾದ ಸಂಖ್ಯೆಯನ್ನು ಒದಗಿಸಿಕೊಡುವ ಕೆಲಸವೂ ಅವರದಾಯಿತು. ಇಂದು ಟಿವಿಯಲ್ಲಿ ತೆರೆಯ ಹಿಂದೆ ಕೂತ ಸಂಶೋಧಕರೆಲ್ಲರ ಹಿರಿಯಣ್ಣ ರಾತ್ ಎಂದೇ ನಾನು ಭಾವಿಸಿದ್ದೇನೆ.

'ಸೇಬರ್‌ಮೆಟ್ರಿಕ್ಸ್' ಎಂದರೇನು?

1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ 16 ಜನ ಸೇರಿ ಬೇಸ್‌ಬಾಲ್ ಸಂಶೋಧನೆಗಾಗಿ ಒಂದು ಸಂಘ ಕಟ್ಟಿದರು. ಅದರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಜನ ಅದನ್ನು 'ಸೇಬರ್' ಎನ್ನುತ್ತಾರೆ. ಆ ಸಂಘದ ಮೇಲಿನ ಗೌರವದಿಂದ ಜೇಮ್ಸ್ ಕಟ್ಟಿದ ಪದ ಇದು. ಬೇಸ್‌ಬಾಲ್ ಕುರಿತ ವಸ್ತುನಿಷ್ಠ ಜ್ಞಾನದ ಹುಡುಕಾಟ ಎಂದು ಅವರು ಅದಕ್ಕೆ ಅರ್ಥ ಹೇಳಿದರು. ಗಮನಿಸಿ, ಆ ವ್ಯಾಖ್ಯೆಯಲ್ಲಿ 'ಸಂಖ್ಯೆ' ಎಂಬ ಮಾತೇ ಇಲ್ಲ.

ಬ್ಯಾಟಿಂಗ್ ಸರಾಸರಿಯಲ್ಲಿ ಅಂಥ ತಪ್ಪೇನಿದೆ?

ಬೇಸ್‌ಬಾಲಿನ ಬ್ಯಾಟಿಂಗ್ ಸರಾಸರಿ ಎಂದರೆ, ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟು ಪಾಲು ಹಿಟ್ ಆಯಿತು ಎಂಬುದು. ವಾಕ್ ಆದ ಸರದಿಗಳು ಆ ಲೆಕ್ಕದಿಂದ ಹೊರಗೇ ಉಳಿಯುತ್ತವೆ. 500 ಅವಕಾಶದಲ್ಲಿ 150 ಹಿಟ್ ಆದರೆ 0.300. ಇದು ಶ್ರೇಷ್ಠ ಬ್ಯಾಟರ್‌ನ ಗುರುತು ಎಂದು ತಲೆಮಾರುಗಳಿಂದ ನಂಬಿಕೆ. 0.275 ಎಂದರೆ ಸಾಧಾರಣ. ಇಬ್ಬರ ನಡುವೆ ನಿಜವಾದ ಅಂತರ ಎಷ್ಟು? 500ಕ್ಕೆ ಸುಮಾರು 12 ಹಿಟ್. ಋತು ಸುಮಾರು 26 ವಾರ ನಡೆಯುತ್ತದೆ, ಅಂದರೆ ಎರಡು ವಾರಕ್ಕೆ ಒಂದು ಹಿಟ್ಟಿನ ವ್ಯತ್ಯಾಸ! ಪ್ರತಿ ಪಂದ್ಯವನ್ನೂ ಮೈದಾನದಲ್ಲೇ ಕೂತು ನೋಡಿದರೂ ಅದು ಕಣ್ಣಿಗೆ ಕಾಣುವುದಿಲ್ಲ. 'ನೋಡಿದರೆ ಗೊತ್ತಾಗುತ್ತೆ ಬಿಡಿ' ಎನ್ನುವ ಪರಿಣತರ ಮಾತನ್ನು ಜೇಮ್ಸ್ ಹೀಗೆ ಒಂದೇ ಸರಳ ಲೆಕ್ಕದಿಂದ ಅಲುಗಾಡಿಸಿದರು.

ಸರಾಸರಿಯ ಇನ್ನೊಂದು ಕೊರತೆ, ಅದು ವಾಕ್ ಅನ್ನು ಬಿಟ್ಟುಬಿಡುತ್ತದೆ, ಒಂದು ಬೇಸಿನ ಹಿಟ್ಟನ್ನೂ, ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿಸುವ ಹೋಮ್ ರನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಜೇಮ್ಸ್ ಕೇಳಿದ ಪ್ರಶ್ನೆ ಬೇರೆ: ಬ್ಯಾಟರ್‌ನ ಕೆಲಸ ತಂಡಕ್ಕೆ ರನ್ ತರುವುದು ತಾನೇ? ಹಾಗಾದರೆ ಈತ ಎಷ್ಟು ರನ್ನಿಗೆ ಕಾರಣನಾದ? ಅದಕ್ಕೆ ಅವರ ಸೂತ್ರದ ಮೊದಲ ರೂಪ ಹೀಗಿದೆ: ಹಿಟ್ ಮತ್ತು ವಾಕ್‌ಗಳನ್ನು ಕೂಡಿಸಿ, ಒಟ್ಟು ಬೇಸ್‌ಗಳಿಂದ (ಹಿಟ್‌ಗಳಿಂದ ದಕ್ಕಿದ ಬೇಸ್‌ಗಳ ಮೊತ್ತ) ಗುಣಿಸಿ, ಬಂದದ್ದನ್ನು ಅವಕಾಶ ಮತ್ತು ವಾಕ್‌ಗಳ ಮೊತ್ತದಿಂದ ಭಾಗಿಸಿ.

ಲೆಕ್ಕಕ್ಕಾಗಿ ಇಬ್ಬರು ಕಾಲ್ಪನಿಕ ಬ್ಯಾಟರ್‌ಗಳನ್ನು ತೆಗೆದುಕೊಳ್ಳೋಣ. ಮೊದಲನೆಯವ 550 ಅವಕಾಶದಲ್ಲಿ 165 ಹಿಟ್, 25 ವಾಕ್, ಒಟ್ಟು ಬೇಸ್ 220. ಸರಾಸರಿ 0.300. ಎರಡನೆಯವ 500ರಲ್ಲಿ 130 ಹಿಟ್, 90 ವಾಕ್, ಒಟ್ಟು ಬೇಸ್ 240. ಸರಾಸರಿ ಬರೀ 0.260. ಸೂತ್ರಕ್ಕೆ ಹಾಕಿ: ಮೊದಲನೆಯವನಿಗೆ ಸುಮಾರು 73 ರನ್, ಎರಡನೆಯವನಿಗೆ ಸುಮಾರು 89. ಪತ್ರಿಕೆಯ ಪಟ್ಟಿಯಲ್ಲಿ ಮೇಲಿದ್ದವ ಕೆಳಗಿಳಿದ. ಈ ಸೂತ್ರವನ್ನು ಇಡೀ ತಂಡಕ್ಕೆ ಅನ್ವಯಿಸಿದರೆ ತಂಡ ನಿಜವಾಗಿ ಗಳಿಸಿದ ರನ್ನಿನ ಹತ್ತಿರ ಹತ್ತಿರ ಬರುತ್ತದೆ. ಅದರ ಬಲ ಇರುವುದು ಅಲ್ಲಿ. ನಂಬಿ ಎಂದು ಅವರು ಹೇಳಲಿಲ್ಲ, ನೀವೇ ತಾಳೆ ನೋಡಿ ಎಂದರು.

ಬೇರೆ ಯಾವ ಸೂತ್ರಗಳು?

ಪೈಥಾಗೊರಸ್ ಹೆಸರಿನದು ಬಹಳ ಪ್ರಸಿದ್ಧ. ತಂಡ ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಗೆಲುವಿನ ಪಾಲು ಸಿಗುತ್ತದೆ. 800 ರನ್ ಹೊಡೆದು 700 ಕೊಟ್ಟ ತಂಡ 162ರಲ್ಲಿ ಸುಮಾರು 92 ಗೆಲ್ಲಬೇಕು. ಗೆದ್ದದ್ದು 99 ಆಗಿದ್ದರೆ ಅದೃಷ್ಟವೂ ಕೈಹಿಡಿದಿದೆ, ಮುಂದಿನ ವರ್ಷ ಜೋಪಾನ ಎಂದರ್ಥ.

ನನಗೆ ಹೆಚ್ಚು ಇಷ್ಟವಾದದ್ದು ಫೀಲ್ಡಿಂಗ್ ಕುರಿತದ್ದು. ಹಳೆಯ ಲೆಕ್ಕ ಫೀಲ್ಡರ್ ಮಾಡಿದ ತಪ್ಪುಗಳನ್ನು ಮಾತ್ರ ಎಣಿಸುತ್ತಿತ್ತು. ಚೆಂಡಿನ ಹತ್ತಿರ ಹೋಗಲಾರದವನು ತಪ್ಪನ್ನೂ ಮಾಡುವುದಿಲ್ಲ! ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಇಂಥವನು ಗೊತ್ತು: ಡೈವ್ ಹೊಡೆಯುವವನ ಕೈಯಿಂದ ಕ್ಯಾಚ್ ಬಿದ್ದರೆ ಬೈಗುಳ, ನಿಂತಲ್ಲೇ ನಿಂತವನಿಗೆ ಏನೂ ಇಲ್ಲ. ಫೀಲ್ಡರ್ ಪ್ರತಿ ಪಂದ್ಯಕ್ಕೆ ಸರಾಸರಿ ಎಷ್ಟು ಔಟ್‌ಗಳಲ್ಲಿ ಪಾಲುಗೊಂಡ ಎಂದು ಎಣಿಸೋಣ ಎಂದರು ಜೇಮ್ಸ್. ಅದು ಒರಟು ಅಳತೆ, ಆಮೇಲೆ ಎಷ್ಟೋ ಉತ್ತಮ ಅಳತೆಗಳು ಬಂದಿವೆ. ಆದರೂ ಪ್ರಶ್ನೆಯನ್ನು ತಿರುಗಿಸಿ ಹಾಕಿದ್ದು ಅದೇ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಹಿತಿ ಎಲ್ಲಿಂದ ಸಿಗುತ್ತಿತ್ತು?

ಸಿಗುತ್ತಿರಲಿಲ್ಲ, ಅದೇ ದೊಡ್ಡ ಜಗಳ. ಪ್ರತಿ ಪಂದ್ಯದ ಎಸೆತವಾರು ವಿವರ ಇಲಿಯಾಸ್ ಸಂಸ್ಥೆಯ ಬಳಿ ಇತ್ತು, ಆದರೆ ಸಾಮಾನ್ಯ ಸಂಶೋಧಕನ ಕೈಗೆ ಎಟುಕುತ್ತಿರಲಿಲ್ಲ. ಜೇಮ್ಸ್ 1984ರಲ್ಲಿ ಓದುಗರಿಗೇ ಕರೆ ಕೊಟ್ಟರು: ಪ್ರತಿ ಊರಿನ ಅಭಿಮಾನಿಗಳು ತಮ್ಮ ತಮ್ಮ ತಂಡದ ಪಂದ್ಯಗಳನ್ನು ಬರೆದುಕೊಳ್ಳಲಿ, ಎಲ್ಲವನ್ನೂ ಒಟ್ಟುಗೂಡಿಸಿ ಎಲ್ಲರಿಗೂ ಕೊಡೋಣ. 'ಪ್ರಾಜೆಕ್ಟ್ ಸ್ಕೋರ್‌ಶೀಟ್' ಹುಟ್ಟಿದ್ದು ಹಾಗೆ. ಸಂಬಳವಿಲ್ಲದ ನೂರಾರು ಜನ ಟಿವಿ, ರೇಡಿಯೊ ಮುಂದೆ ಪೆನ್ಸಿಲ್ ಹಿಡಿದು ಕೂತರು.

ಅದೇ ಹಾದಿಯಲ್ಲಿ 1989ರಲ್ಲಿ ಡೆಲಾವೇರ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಾಧ್ಯಾಪಕ ಡೇವಿಡ್ ಸ್ಮಿತ್ 'ರೆಟ್ರೊಶೀಟ್' ಶುರುಮಾಡಿದರು. ಹಳೆಯ ಪತ್ರಿಕೆ, ತಂಡಗಳ ಕಡತ, ಅಟ್ಟದ ಮೇಲಿನ ಸ್ಕೋರು ಪುಸ್ತಕ ಹುಡುಕಿ ದಶಕಗಳ ಹಿಂದಿನ ಪಂದ್ಯಗಳನ್ನು ಒಂದೊಂದಾಗಿ ದಾಖಲಿಸಿದರು. ಇವತ್ತು ಯಾರು ಬೇಕಾದರೂ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಜೇಮ್ಸ್ ಅವರ ಸೂತ್ರಗಳಿಗಿಂತಲೂ ಈ ಕರೆ ದೊಡ್ಡ ಕೊಡುಗೆ ಎಂದು ನನ್ನ ಅನಿಸಿಕೆ. ಸೂತ್ರಗಳು ಹಳತಾದವು. ಎಲ್ಲರ ಕೈಗೂ ಸಿಗುವ ಮಾಹಿತಿ ಹಳತಾಗಲಿಲ್ಲ.

ಅವರನ್ನು ಸಂಖ್ಯಾಶಾಸ್ತ್ರಜ್ಞ ಎನ್ನಬೇಕೋ ಬರಹಗಾರ ಎನ್ನಬೇಕೋ?

ಬರಹಗಾರ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅವರು ಬಳಸಿದ ಗಣಿತ ಹೈಸ್ಕೂಲು ಮಟ್ಟದ್ದು: ಕೂಡು, ಗುಣಿಸು, ಭಾಗಿಸು. ಅದೇ ಕಾಲದಲ್ಲಿ ಅವರಿಗಿಂತ ಬಿಗಿಯಾದ ಗಣಿತ ಬಲ್ಲವರು ಬೇಸ್‌ಬಾಲಿನಲ್ಲೇ ಇದ್ದರು. ಆದರೆ ಅಂಥವರ ಲೇಖನಗಳನ್ನು ಓದಿದವರು ಕೆಲವರೇ. ಜೇಮ್ಸ್ ಬರೆದಾಗ ಅಂಗಡಿಯವನೂ ಓದಿದ, ವಕೀಲನೂ ಓದಿದ, ಹದಿಮೂರರ ಹುಡುಗನೂ ಓದಿದ. ಒಂದು ಪ್ರಶ್ನೆ ಎತ್ತಿಕೊಂಡು, ಜನ ಏನು ನಂಬಿದ್ದಾರೆ ಎಂದು ಹೇಳಿ, ಅದು ನಿಜವಾಗಿದ್ದರೆ ಏನೇನು ಕಾಣಬೇಕಿತ್ತು ಎಂದು ಕೇಳಿ, ಎಣಿಸಿ, ಕಂಡದ್ದನ್ನು ಹೇಳುತ್ತಾರೆ. ನಡುವೆ ಸಿಟ್ಟು ಮಾಡುತ್ತಾರೆ, ಹಳೆಯ ಆಟಗಾರನ ಕಥೆ ಹೇಳುತ್ತಾರೆ, ದಾರಿ ತಪ್ಪಿ ಎಲ್ಲೋ ಹೋಗಿ ಮತ್ತೆ ಬರುತ್ತಾರೆ. ಸಾಹಿತ್ಯ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು.

ಅಂಕಿಅಂಶ ಬರೆಯುವ ನಮ್ಮವರಿಗೆ ನಾನು ಹೇಳುವುದೂ ಇದನ್ನೇ. ಪಟ್ಟಿ ಕೊಟ್ಟರೆ ಬರಹ ಆಗುವುದಿಲ್ಲ. 'ಈ ಮೈದಾನದಲ್ಲಿ ಎಡಗೈ ಬ್ಯಾಟರ್‌ಗಳ ಅತಿಹೆಚ್ಚು ಮೊತ್ತಗಳು' ಎಂಬ ಪಟ್ಟಿಯ ಹಿಂದೆ ಯಾವ ಪ್ರಶ್ನೆ ಇದೆ? ಪ್ರಶ್ನೆ ಇಲ್ಲದಿದ್ದರೆ ಅದನ್ನು ಯಂತ್ರ ನಮಗಿಂತ ಬೇಗ ಕೊಡುತ್ತದೆ.

ಇದರಿಂದ ಹೊಟ್ಟೆ ತುಂಬುತ್ತಿತ್ತೇ?

ಮೊದಲ ಕೆಲವು ವರ್ಷ ಇಲ್ಲ. ನಂತರ ಪುಸ್ತಕದ ಗೌರವಧನ ಬಂತು. ಆಟಗಾರರ ಸಂಬಳದ ತಕರಾರು ಪಂಚಾಯಿತಿಗೆ ಹೋದಾಗ ಆಟಗಾರರ ಪರ ಏಜೆಂಟರಿಗೆ ಅಂಕಿಅಂಶ ಸಿದ್ಧಮಾಡಿ ಕೊಟ್ಟರು. 1988ರಲ್ಲಿ ವಾರ್ಷಿಕ ಪುಸ್ತಕ ನಿಲ್ಲಿಸಿದ ಮೇಲೆ 'ಸ್ಟ್ಯಾಟ್ಸ್' ಎಂಬ ಕ್ರೀಡಾ ಅಂಕಿಅಂಶ ಕಂಪನಿಯ ಜೊತೆ ಕೈಪಿಡಿಗಳನ್ನು ತಂದರು, 1985ರಲ್ಲಿ ಹೊರತಂದಿದ್ದ ಬೇಸ್‌ಬಾಲ್ ಇತಿಹಾಸದ ದೊಡ್ಡ ಸಂಪುಟವನ್ನು 2001ರಲ್ಲಿ ಪರಿಷ್ಕರಿಸಿದರು. ಅಪರಾಧ ಪ್ರಕರಣಗಳ ಬಗ್ಗೆಯೂ ಪುಸ್ತಕ ಬರೆದಿದ್ದಾರೆ, ಅವುಗಳಲ್ಲಿ ಒಂದು ಮಗಳ ಜೊತೆ ಸೇರಿ ಬರೆದದ್ದು. ಖಾಯಂ ಪತ್ರಿಕಾ ನೌಕರಿ ಮಾತ್ರ ಎಂದೂ ಅವರ ಬದುಕಿನ ಆಧಾರವಾಗಿರಲಿಲ್ಲ. ಒಂದೇ ಸಂಬಳದ ಮೇಲೆ ನಿಂತ ವೃತ್ತಿಯಲ್ಲ, ನಾಲ್ಕಾರು ಕಾಲಿನ ಮೇಲೆ ನಿಂತದ್ದು.

ಕ್ರೀಡಾ ಪತ್ರಕರ್ತರು ಒಪ್ಪಿಕೊಂಡರೇ?

ಬಹಳ ನಿಧಾನ. ಎಷ್ಟು ನಿಧಾನ ಎಂಬುದಕ್ಕೆ ಸೈ ಯಂಗ್ ಪ್ರಶಸ್ತಿಯೇ ಸಾಕ್ಷಿ. ಬೇಸ್‌ಬಾಲಿನ ಎರಡು ದೊಡ್ಡ ಲೀಗುಗಳಲ್ಲಿ ಪ್ರತಿಯೊಂದರ ಅತ್ಯುತ್ತಮ ಪಿಚರ್‌ಗೆ ಕೊಡುವ ಇದಕ್ಕೆ ಮತ ಹಾಕುವವರು 1908ರಲ್ಲಿ ಕಟ್ಟಿದ ಬೇಸ್‌ಬಾಲ್ ಪತ್ರಕರ್ತರ ಸಂಘದ ಸದಸ್ಯರು. ಬಹುಕಾಲ ಅವರು ನೋಡುತ್ತಿದ್ದದ್ದು ಪಿಚರ್ ಹೆಸರಿನಲ್ಲಿ ದಾಖಲಾದ ಗೆಲುವುಗಳನ್ನು. ಪಿಚರ್ ಅದ್ಭುತವಾಗಿ ಎಸೆದರೂ ತನ್ನ ತಂಡ ರನ್ ಹೊಡೆಯದಿದ್ದರೆ ಗೆಲುವು ಸಿಗದು, ಆ ತಪ್ಪು ಅವನದಲ್ಲ. 1990ರಲ್ಲಿ 27 ಗೆಲುವಿನ ಬಾಬ್ ವೆಲ್ಚ್‌ಗೆ ಪ್ರಶಸ್ತಿ ಹೋಯಿತು. ಒಂಬತ್ತು ಇನಿಂಗ್ಸಿಗೆ ಅವರು ಕೊಟ್ಟದ್ದು 2.95 ರನ್. ರೋಜರ್ ಕ್ಲೆಮೆನ್ಸ್ ಕೊಟ್ಟದ್ದು 1.93 ಮಾತ್ರ, ಆದರೆ ಗೆಲುವು 21.

ಇಪ್ಪತ್ತು ವರ್ಷದ ನಂತರ, 2010ರಲ್ಲಿ, ಸಿಯಾಟಲ್ ತಂಡದ ಫೆಲಿಕ್ಸ್ ಹೆರ್ನಾಂಡೆಜ್ 13 ಗೆದ್ದು 12 ಸೋತಿದ್ದರು. ತಂಡ ಬಡಕಲು. ಆದರೆ ಅವರು ಕೊಟ್ಟದ್ದು 2.27 ರನ್. 21 ಗೆಲುವಿನ ಸಿ.ಸಿ. ಸಬಾತಿಯಾರನ್ನು ಬಿಟ್ಟು ಪತ್ರಕರ್ತರು ಹೆರ್ನಾಂಡೆಜ್‌ಗೇ ಕೊಟ್ಟರು, 28ರಲ್ಲಿ 21 ಮಂದಿಯ ಮೊದಲ ಆಯ್ಕೆ ಅವರೇ. 2018ರಲ್ಲಿ ಜೇಕಬ್ ಡಿಗ್ರಾಮ್ ಬರೀ 10 ಗೆಲುವಿನಿಂದ ಪ್ರಶಸ್ತಿ ಪಡೆದಾಗ ಹುಬ್ಬೇರಿಸುವವರೇ ಕಡಿಮೆಯಾಗಿದ್ದರು. ಈ ನಡುವೆ ಇನ್ನೊಂದು ಬಾಗಿಲೂ ತೆರೆದಿತ್ತು: ಅಂತರ್ಜಾಲದಲ್ಲಷ್ಟೇ ಬರೆಯುವವರನ್ನು ಸಂಘ 2007ರ ಡಿಸೆಂಬರಿನಲ್ಲಿ ಸದಸ್ಯರಾಗಿ ಸೇರಿಸಿಕೊಳ್ಳತೊಡಗಿತು.

ತಂಡವೊಂದರಲ್ಲಿ ಕೆಲಸ ಮಾಡಿದ್ದಾರೆಯೇ?

ಹೌದು. 2002ರ ನವೆಂಬರಿನಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡ ಅವರನ್ನು ಸಲಹೆಗಾರರಾಗಿ ನೇಮಿಸಿತು. ಮಾಲೀಕ ಜಾನ್ ಹೆನ್ರಿ ಹಣಕಾಸು ಮಾರುಕಟ್ಟೆಯಲ್ಲಿ ಲೆಕ್ಕಾಚಾರದಿಂದಲೇ ಬೆಳೆದವರು, ಜೇಮ್ಸ್ ಅವರ ಓದುಗ. 1918ರಿಂದ ವಿಶ್ವ ಸರಣಿ (ಋತುವಿನ ಕೊನೆಯ ಚಾಂಪಿಯನ್ ಸರಣಿ) ಗೆಲ್ಲದ ತಂಡ ಅದು. 2004ರಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಮೂರು ಪಂದ್ಯ ಹಿಂದಿದ್ದು, ಮುಂದಿನ ನಾಲ್ಕನ್ನೂ ಗೆದ್ದು, ಕೊನೆಗೆ 86 ವರ್ಷದ ಬರವನ್ನು ನೀಗಿತು. ನಂತರ 2007, 2013, 2018ರಲ್ಲೂ ಗೆದ್ದಿತು. ಜೇಮ್ಸ್ 2019ರಲ್ಲಿ ಹೊರಬಂದರು.

ಈ ಗೆಲುವುಗಳೆಲ್ಲ ಅವರಿಂದಲೇ ಎನ್ನುವುದು ಸರಿಯಲ್ಲ. ಅವರು ಒಬ್ಬ ಸಲಹೆಗಾರ, ತಂಡ ಕಟ್ಟಿದವರು ಬೇರೆ, ಆಡಿದವರು ಬೇರೆ. ಜೊತೆಗೆ, ತಂಡದೊಳಗೆ ಹೋದ ಬರಹಗಾರನಿಗೆ ತಾನು ಕಂಡದ್ದನ್ನೆಲ್ಲ ಹೊರಗೆ ಬರೆಯಲಾಗುವುದಿಲ್ಲ. ಓದುಗನಾಗಿ ನನಗೆ ಅದು ನಷ್ಟವೇ.

ಅವರು ತಪ್ಪು ಮಾಡಿಲ್ಲವೇ?

ಮಾಡಿದ್ದಾರೆ. ಕೊನೆಯ ಇನಿಂಗ್ಸಿಗೆ ಒಬ್ಬನೇ ನಿಗದಿತ ಪಿಚರ್ ಬೇಡ, ಸಂದರ್ಭ ನೋಡಿ ಯಾರನ್ನಾದರೂ ಬಳಸೋಣ ಎಂಬ ಅವರ ವಿಚಾರವನ್ನು 2003ರಲ್ಲಿ ರೆಡ್ ಸಾಕ್ಸ್ ಪ್ರಯೋಗಿಸಿತು. ಆರಂಭದಲ್ಲೇ ಎಡವಿ ಕೈಬಿಡಬೇಕಾಯಿತು. 2018ರ ನವೆಂಬರಿನಲ್ಲಿ, ಆಟಗಾರರೆಲ್ಲ ನಿವೃತ್ತರಾದರೂ ಆಟ ನಡೆಯುತ್ತದೆ ಎಂಬರ್ಥದ ಮಾತು ಬರೆದು ಆಟಗಾರರ ಸಂಘದ ಖಂಡನೆಗೆ ಗುರಿಯಾದರು, ತಂಡವೂ ಆ ಮಾತಿನಿಂದ ದೂರ ಸರಿಯಿತು. ಆ ಸಿಟ್ಟು ನ್ಯಾಯವಾದದ್ದು. ಆಟಗಾರರ ಬೆವರಿಲ್ಲದೆ ಎಣಿಸುವುದಕ್ಕೆ ಏನಿರುತ್ತಿತ್ತು?

ಆದರೆ ಸಂಶೋಧಕನಾಗಿ ಅವರು ಮಾಡಿದ ಒಂದು ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ಒತ್ತಡದ ಗಳಿಗೆಯಲ್ಲಿ ಮೇಲೇಳುವ ವಿಶೇಷ ಬ್ಯಾಟರ್‌ಗಳು ಎಂಬುವರಿಲ್ಲ ಎಂದು ಅಂಕಿಅಂಶದವರು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು, ಜೇಮ್ಸ್ ಕೂಡ. ನಂತರ ಅವರೇ ದೊಡ್ಡ ಲೇಖನ ಬರೆದು, ನಮ್ಮ ವಿಧಾನವೇ ಸಾಲದು, ಮಂಜಿನಲ್ಲಿ ಆಚೆ ಯಾರೂ ಕಾಣದಿದ್ದರೆ ಯಾರೂ ಇಲ್ಲ ಎಂದಲ್ಲ ಎಂಬರ್ಥದಲ್ಲಿ ತಮ್ಮ ಹಳೆಯ ತೀರ್ಮಾನವನ್ನು ಹಿಂತೆಗೆದುಕೊಂಡರು. ಆಗ ಅವರು ಕೀರ್ತಿಯ ತುದಿಯಲ್ಲಿದ್ದರು. ಯಾರೂ ಅವರನ್ನು ಬಲವಂತ ಮಾಡಿರಲಿಲ್ಲ.

ಅವರ ನಂತರ ಇದೇ ವೃತ್ತಿಗೆ ಬಂದವರು ಯಾರು?

ರಾಬ್ ನೇಯರ್, ಜೇಮ್ಸ್ ಅವರ ಸಂಶೋಧನಾ ಸಹಾಯಕರಾಗಿದ್ದು, ಮುಂದೆ ಇಎಸ್‌ಪಿಎನ್ ಜಾಲತಾಣದಲ್ಲಿ 1996ರಿಂದ 2011ರವರೆಗೆ ಅಂಕಣ ಬರೆದರು. 1996ರಲ್ಲಿ ಶುರುವಾದ, ಬೇಸ್‌ಬಾಲ್ ವಿಶ್ಲೇಷಣೆಯ ಪ್ರಕಟಣೆ 'ಬೇಸ್‌ಬಾಲ್ ಪ್ರಾಸ್ಪೆಕ್ಟಸ್' ಒಂದು ಪಾಠಶಾಲೆಯೇ ಆಯಿತು. ನಂತರ ಚುನಾವಣಾ ಮುನ್ಸೂಚನೆಯಿಂದ ಜಗತ್ತಿಗೆ ಗೊತ್ತಾದ ನೇಟ್ ಸಿಲ್ವರ್ ಅಲ್ಲಿಯವರು. ಕೀತ್ ಲಾ ಅಲ್ಲಿಂದ ಟೊರಾಂಟೊ ಬ್ಲೂ ಜೇಸ್ ತಂಡದ ಕಚೇರಿಗೆ, ಅಲ್ಲಿಂದ ಮತ್ತೆ ಪತ್ರಿಕೋದ್ಯಮಕ್ಕೆ ಬಂದರು.

ಇವತ್ತಿನವರಲ್ಲಿ ಸಾರಾ ಲ್ಯಾಂಗ್ಸ್ ಹೆಸರು ಹೇಳದೆ ಇರಲಾರೆ. ಇಎಸ್‌ಪಿಎನ್‌ನಲ್ಲಿ ಸಂಶೋಧಕಿಯಾಗಿದ್ದು, 2019ರಿಂದ ಲೀಗಿನ ಅಧಿಕೃತ ಜಾಲತಾಣದಲ್ಲಿದ್ದಾರೆ. 2022ರಲ್ಲಿ ತಮಗೆ ಎಎಲ್‌ಎಸ್ (ಸ್ನಾಯುಗಳನ್ನು ಕ್ರಮೇಣ ದುರ್ಬಲಗೊಳಿಸುವ ನರರೋಗ) ಕಾಯಿಲೆ ಇದೆ ಎಂದು ಅವರೇ ಬಹಿರಂಗಪಡಿಸಿದರು. ಅಮೆರಿಕದಲ್ಲಿ ಆ ಕಾಯಿಲೆಗೆ ಬೇಸ್‌ಬಾಲ್ ಆಟಗಾರ ಲೂ ಗೆರಿಗ್ ಅವರ ಹೆಸರೇ ಅಂಟಿಕೊಂಡಿದೆ. ಸಾರಾ ಬರೆಯುವುದನ್ನು ನಿಲ್ಲಿಸಲಿಲ್ಲ. ಒಂದು ಪಂದ್ಯದಲ್ಲಿ ನಡೆದ ಸಣ್ಣ ಸಂಗತಿಯನ್ನು ನೂರು ವರ್ಷದ ಇತಿಹಾಸಕ್ಕೆ ಅವರು ಜೋಡಿಸುವಾಗ ಆ ಖುಷಿ ಓದುಗನಿಗೂ ತಾಗುತ್ತದೆ.

ಹಳೆಯ ಕಾಲದಲ್ಲಿ ಹೆಂಗಸರು ಈ ಕೆಲಸದಲ್ಲಿ ಇರಲಿಲ್ಲವೇ?

ಇದ್ದರು, ಹೆಸರು ಇರಲಿಲ್ಲ. ಹೆರಾಲ್ಡ್ ಸೀಮೋರ್ ಹೆಸರಿನಲ್ಲಿ ಬಂದ ಬೇಸ್‌ಬಾಲ್ ಇತಿಹಾಸದ ಸಂಪುಟಗಳ ಸಂಶೋಧನೆಯಲ್ಲೂ ಬರಹದಲ್ಲೂ ಪತ್ನಿ ಡೊರೊಥಿ ಅವರದು ದೊಡ್ಡ ಪಾಲು. ಮುಖಪುಟದಲ್ಲಿ ಅವರ ಹೆಸರಿಗೆ ಜಾಗ ಸಿಗಲು ದಶಕಗಳೇ ಬೇಕಾದವು.

ಕ್ರಿಕೆಟ್ಟಿನಲ್ಲಿ, ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಜಾಗ ಇದೆಯೇ?

ತುಂಬ ಇದೆ. ಬೇಸ್‌ಬಾಲಿನಲ್ಲಿ 0.300 ಹೇಗೋ ನಮ್ಮಲ್ಲಿ ನೂರು ಹಾಗೆ. 1975ರ ಜನವರಿಯಲ್ಲಿ ಚೆನ್ನೈಯ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಔಟಾಗದೆ 97 ಹೊಡೆದರು. ಭಾರತದ ಒಟ್ಟು ಮೊತ್ತವೇ 190. ಆದರೆ ಶತಕಗಳ ಪಟ್ಟಿ ತೆಗೆದರೆ ಆ ಇನಿಂಗ್ಸ್ ಅಲ್ಲಿಲ್ಲ. ಸಪಾಟು ಪಿಚ್ಚಿನಲ್ಲಿ 600ರಲ್ಲಿ ಹೊಡೆದ 100 ಅಲ್ಲಿದೆ. ನಮ್ಮ ತಂದೆಯ ತಲೆಮಾರಿನವರು 'ವಿಶಿಯ ತೊಂಬತ್ತೇಳು' ಎಂದು ಕಣ್ಣರಳಿಸಿ ಹೇಳುತ್ತಿದ್ದದ್ದನ್ನು ಸಂಖ್ಯೆಯಲ್ಲಿ ಹೇಗೆ ಹಿಡಿಯುವುದು? ತಂಡದ ಮೊತ್ತದಲ್ಲಿ ಪಾಲು, ಎದುರಾಳಿಯ ಬಲ, ಜೊತೆಯವರು ಎಷ್ಟು ಹೊಡೆದರು ಎಂಬುದನ್ನೆಲ್ಲ ಸೇರಿಸಿ ಅಳೆಯಬಹುದು. ಕಣ್ಣು ಹೇಳಿದ್ದನ್ನೇ ಸಂಖ್ಯೆಯೂ ಹೇಳುವ ಅಪರೂಪದ ಜಾಗ ಅದು.

ನನಗೆ ಇನ್ನೊಂದು ಆಸೆ. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಪ್ರಸನ್ನ ಅವರ ಚೆಂಡಿಗೆ ಗವಾಸ್ಕರ್ ಬೌಲ್ಡ್ ಆಗಿ, ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆ ಸೆಮಿಫೈನಲ್‌ನಲ್ಲೇ ಸೋತು, ಕರ್ನಾಟಕ ಮೊದಲ ಸಲ ಕಪ್ ಎತ್ತಲು ದಾರಿ ಆಯಿತಲ್ಲ, ಅಂಥ ಪಂದ್ಯಗಳ ಎಸೆತ ಎಸೆತದ ವಿವರ ರೆಟ್ರೊಶೀಟ್ ಮಾದರಿಯಲ್ಲಿ ಎಲ್ಲರಿಗೂ ಸಿಗುವಂತಾಗಬೇಕು. ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ ಸ್ಕೋರು ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪುಟಗಳ ಫೋಟೊ ತೆಗೆದಿಡಿ.

ನಾನು ವಿದ್ಯಾರ್ಥಿ. ಇಂದೇ ಶುರುಮಾಡಬೇಕೆಂದರೆ ಏನು ಮಾಡಲಿ?

ಇತ್ತೀಚಿನ ಪಂದ್ಯಗಳ ಎಸೆತವಾರು ವಿವರ 'ಕ್ರಿಕ್‌ಶೀಟ್' ಜಾಲತಾಣದಲ್ಲಿ ಉಚಿತವಾಗಿದೆ. ಬೇಸ್‌ಬಾಲಿಗೆ ರೆಟ್ರೊಶೀಟ್ ಇದೆ. ಎಕ್ಸೆಲ್ ಹಾಳೆ ಸಾಕು, ಪ್ರೋಗ್ರಾಮಿಂಗ್ ನಿಧಾನ ಕಲಿಯಿರಿ. ಮೊದಲು ವೀಕ್ಷಕ ವಿವರಣೆಯಲ್ಲಿ ದಿನಾ ಕೇಳುವ ಒಂದು ಮಾತು ಹಿಡಿಯಿರಿ. 'ಡ್ರಿಂಕ್ಸ್ ವಿರಾಮದ ನಂತರ ವಿಕೆಟ್ ಬೀಳುತ್ತೆ' ಎನ್ನುತ್ತಾರಲ್ಲ, ನಿಜವೇ? ಎಣಿಸಿ. ಬಂದ ಉತ್ತರವನ್ನು ಲೆಕ್ಕ ಬಾರದ ನಿಮ್ಮ ಅಣ್ಣನಿಗೋ ಅತ್ತೆಗೋ ಅರ್ಥವಾಗುವ ಹಾಗೆ ಎರಡು ಪುಟ ಬರೆಯಿರಿ. ಉತ್ತರ 'ಇಲ್ಲ' ಎಂದು ಬಂದರೂ ಬರೆಯಿರಿ, ಹೇಗೆ ಎಣಿಸಿದಿರಿ ಎಂಬುದನ್ನು ಮುಚ್ಚಿಡಬೇಡಿ.

ಜೇಮ್ಸ್ ಹಾಲ್ ಆಫ್ ಫೇಮ್‌ನಲ್ಲಿ ಇದ್ದಾರೆಯೇ?

ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ದಿಗ್ಗಜರ ಗೌರವ ಮಂದಿರ ಅದು. ಅಲ್ಲಿ ಜೇಮ್ಸ್ ಈವರೆಗೆ ಇಲ್ಲ. ಚಾಡ್ವಿಕ್ ಅವರಿಗೆ 1938ರಲ್ಲೇ ಆ ಗೌರವ ಸಿಕ್ಕಿತ್ತು. 2010ರಲ್ಲಿ ಸೇಬರ್ ಸಂಘ ಅದೇ ಚಾಡ್ವಿಕ್ ಹೆಸರಿನಲ್ಲಿ ಸಂಶೋಧಕರಿಗೆಂದು ಮೊದಲ ಸಲ ಪ್ರಶಸ್ತಿ ಕೊಟ್ಟಾಗ ಮೊದಲ ವರ್ಷದ ಪಟ್ಟಿಯಲ್ಲೇ ಬಿಲ್ ಜೇಮ್ಸ್ ಹೆಸರಿತ್ತು.